ಕಂಬದ ತುದಿ ಕಾಣುವಷ್ಟು ದೂರ

ಸೂರ್ಯನಿಗೆ ಸಿಟ್ಟು ಬಂದು ಹನ್ನೊಂದು ವರ್ಷವಾಗಿತ್ತು, ಇನ್ನೂ ಇಳಿದಿರಲಿಲ್ಲ. ಅವನ ಮೈಮೇಲೆದ್ದ ಬಿರುಗಾಳಿಗಳು ಮೊದಲ ವರ್ಷವೇ ಆಕಾಶದ ಉಪಗ್ರಹಗಳನ್ನೆಲ್ಲ ಸುಟ್ಟು ಹಾಕಿದವು. ಆಮೇಲೆ ರೇಡಿಯೋ ಹೋಯಿತು, ಅದರ ಹಿಂದೆಯೇ ರಾಡಾರ್ ಹೋಯಿತು. ಯಾವ ತರಂಗಕ್ಕೆ ತಿರುಗಿಸಿದರೂ ಕಾದ ಎಣ್ಣೆಗೆ ಮೀನು ಬಿಟ್ಟಂಥ ಚುರ್ ಎನ್ನುವ ಸದ್ದು. ದಿಕ್ಸೂಚಿಯ ಮುಳ್ಳು ಬೆಳಿಗ್ಗೆ ಒಂದು ಕಡೆ ತೋರಿಸಿದರೆ ಮಧ್ಯಾಹ್ನ ಇನ್ನೊಂದು ಕಡೆ. ಊರೊಳಗಿನ ತಂತಿ ಫೋನು, ಬ್ಯಾಟರಿ ಮೋಟಾರು ಇಂಥ ಕೆಲವು ಉಳಿದುಕೊಂಡವು. ಇನ್ನು ನಾಲ್ಕು ವರ್ಷದಲ್ಲಿ ಸರಿಹೋಗುತ್ತದೆ ಎಂದು ವಿಜ್ಞಾನಿಗಳು ಹೇಳಿದರು. ನಾಲ್ಕು ಕಳೆದ ಮೇಲೆ ಇನ್ನೂ ಆರು ಎಂದರು. ಈಗ ಅವರೂ ಏನೂ ಹೇಳುವುದಿಲ್ಲ. ಪಡುಕಲ್ಲು ಬಂದರಿನ ಜನ ಕೇಳುವುದನ್ನು ಯಾವತ್ತೋ ಬಿಟ್ಟಿದ್ದರು.

ಕಡಲಿಗೆ ಹೋದ ದೋಣಿ ಎಲ್ಲಿದೆ ಎಂದು ತಿಳಿಯಲು ಉಳಿದದ್ದು ಕಣ್ಣೊಂದೇ. ಹಾಗಾಗಿ ಊರಿನ ಗಿಡುಗನ ಗುಡ್ಡೆಯ ಮೇಲೆ ಸರಕಾರ ಒಂದು ಗೋಪುರ ಕಟ್ಟಿಸಿ, ಅದಕ್ಕೊಂದು ದೊಡ್ಡ ದೂರದರ್ಶಕ ಇಡಿಸಿ, ನೋಟಗಾರ್ತಿಯರನ್ನು ನೇಮಿಸಿತು. ಜೊತೆಗೆ ಕಾನೂನೂ ಬಂತು: ಗೋಪುರಕ್ಕೆ ಕಂಬದ ತುದಿ ಕಾಣುವಷ್ಟು ದೂರ ಮಾತ್ರ ದೋಣಿ ಹೋಗಬಹುದು, ಅದಕ್ಕಿಂತ ಆಚೆ ಹೋದರೆ ಪರವಾನಗಿ ರದ್ದು. ಪ್ರತಿ ದೋಣಿಯ ಕಂಬವನ್ನೂ ಅಳೆದು, ತುದಿಗೆ ಅದರದೇ ಬಣ್ಣದ ಬಾವುಟ ಕಟ್ಟಿಸಿ ಪಟ್ಟಿ ಮಾಡಿದರು. ಪಡುಕಲ್ಲಿನ ಮೂವತ್ತೇಳು ದೋಣಿಗಳಿಗೂ ಕಂಬ ನಾಲ್ಕೇ ಮೀಟರ್.

ಗುಲಾಬಿ ಮೂರು ವರ್ಷದಿಂದ ಅಲ್ಲಿ ನೋಟಗಾರ್ತಿ. ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಮೂರರ ತನಕ ಕಡಲು ಮತ್ತು ಆಕಾಶ ಸೇರುವ ಗೆರೆಯನ್ನು ನೋಡುತ್ತ ಕೂರುವುದು ಅವಳ ಕೆಲಸ. ಕೂತು ನೋಡುವುದರಲ್ಲಿ ಏನು ದಣಿವು ಎಂದು ಊರಿನವರು ತಮಾಷೆ ಮಾಡುತ್ತಿದ್ದರು. ಒಂದು ವಾರ ಕೂತು ನೋಡಿದ್ದರೆ ಗೊತ್ತಾಗುತ್ತಿತ್ತು ಅವರಿಗೆ! ಮನೆಗೆ ಬಂದು ಕಣ್ಣು ಮುಚ್ಚಿದರೂ ರೆಪ್ಪೆಯ ಒಳಗೆ ಅದೇ ಗೆರೆ. ಅನ್ನದ ತಟ್ಟೆಯ ಅಂಚಿನಲ್ಲೂ ಅವಳು ಒಮ್ಮೊಮ್ಮೆ ಬಾವುಟ ಹುಡುಕುತ್ತಿದ್ದಳು.

ಆ ದಿನ ಬೆಳಿಗ್ಗೆ ಅವಳು ಬಟ್ಟೆ ಒಗೆದು ಹಿತ್ತಿಲಿಗೆ ಬಂದರೆ, ಒಣಹಾಕುವ ಬಿದಿರ ಗಳವೇ ಇರಲಿಲ್ಲ. ಎರಡು ದಿನದಿಂದಲೂ ಹೀಗೇ. ತೆಂಗಿನ ಮರದಿಂದ ಬಚ್ಚಲ ಗೋಡೆಗೆ ಕಟ್ಟಿದ್ದ ಹದಿನೆಂಟು ಅಡಿಯ ಗಟ್ಟಿ ಗಳ ಅದು. ಗಂಡ ಶೀನನನ್ನು ಕೇಳೋಣವೆಂದರೆ ಅವನು ಅವಳು ಏಳುವ ಮೊದಲೇ ಕಡಲಿಗೆ ಹೋಗಿ, ಅವಳು ಮಲಗಿದ ಮೇಲೆ ಬರುತ್ತಿದ್ದ. ಬೇಲಿಯಾಚೆ ಪಕ್ಕದ ಮನೆಯ ಅಕ್ಕಣಿ ಬಗ್ಗಿಕೊಂಡು ಪಾತ್ರೆ ತಿಕ್ಕುತ್ತಿದ್ದಳು.

"ಅಕ್ಕಣಿಯಕ್ಕ, ನಮ್ಮ ಗಳ ಕಂಡ್ರ್ಯಾ?"

"ನಂಗೊತ್ತಿಲ್ಲೆ ಹೆಣೆ. ಗೆದ್ದಲು ಹಿಡಿದಿತ್ತೇನೋ. ಶೀನ ಎತ್ತಿ ಬಿಸಾಡಿರ್ಕ್," ಎಂದಳು ಅಕ್ಕಣಿ, ಮುಖ ಎತ್ತದೆ.

ಗುಲಾಬಿ ಬಟ್ಟೆಗಳನ್ನು ಬೇಲಿಯ ಮೇಲೆ ಹರವಿದಳು. ಹಿಂದಿನ ದಿನ ಹಾಗೇ ಹರವಿದ್ದ ಸೀರೆ ಸರಿಯಾಗಿ ಒಣಗದೆ, ಅದನ್ನೇ ಉಟ್ಟುಕೊಂಡಿದ್ದಳು. ಸೊಂಟದ ಹತ್ತಿರ ತಣ್ಣಗೆ ಅಂಟಿಕೊಂಡಿತ್ತು. ಬೀದಿಯಲ್ಲಿ ನಡೆಯುವಾಗ ಎಲ್ಲರ ಮನೆ ಬೇಲಿಯ ಮೇಲೂ ಬಟ್ಟೆ ಕಂಡಿತು. ಕಂಡಿತು ಅಷ್ಟೇ. ದಿನವಿಡೀ ನೋಡುವುದೇ ಕೆಲಸವಾದವಳಿಗೆ ಕೆಲಸದ ಹೊತ್ತಿಗೆ ಮೊದಲೂ ನೋಡು ಎಂದರೆ ಹೇಗೆ?

ಗೋಪುರದ ಮೇಲೆ ಐತಾಳ ಮೇಷ್ಟ್ರು ಆಗಲೇ ಬಂದಿದ್ದರು. ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದ ಅವರೇ ಅಲ್ಲಿನ ಮೇಲ್ವಿಚಾರಕರು. ದೂರ ಅಳೆಯುವ ಸೂತ್ರವನ್ನು ಗೋಡೆಯ ಮೇಲೆ ಸುಣ್ಣದಲ್ಲಿ ಬರೆದಿಟ್ಟಿದ್ದರು. ಭೂಮಿ ಉಂಡೆಯಾದ್ದರಿಂದ ಕಡಲು ದೂರ ಹೋದಷ್ಟೂ ಕೆಳಗೆ ಬಾಗುತ್ತದೆ. ಕಣ್ಣು ಎಷ್ಟು ಮೀಟರ್ ಎತ್ತರದಲ್ಲಿದೆಯೋ ಅದರ ವರ್ಗಮೂಲ ತೆಗೆದು ಮೂರು ಪಾಯಿಂಟ್ ಎಂಟು ಆರರಿಂದ ಗುಣಿಸಿದರೆ, ಗೆರೆ ಎಷ್ಟು ಕಿಲೋಮೀಟರ್ ದೂರ ಎಂದು ಸಿಗುತ್ತದೆ. ಗೋಪುರದ ಕಣ್ಣು ಕಡಲಿನಿಂದ ನಲವತ್ತೊಂಬತ್ತು ಮೀಟರ್ ಮೇಲಿದೆ, ವರ್ಗಮೂಲ ಏಳು, ಗೆರೆ ಇಪ್ಪತ್ತೇಳು ಕಿಲೋಮೀಟರ್ ಆಚೆ. ದೋಣಿಯ ಕಂಬಕ್ಕೂ ಇದೇ ಲೆಕ್ಕ. ನಾಲ್ಕರ ವರ್ಗಮೂಲ ಎರಡು, ಅದರಿಂದ ಇನ್ನೂ ಏಳು ಮುಕ್ಕಾಲು. ಎರಡನ್ನೂ ಕೂಡಿದರೆ ಮೂವತ್ತನಾಲ್ಕು ಮುಕ್ಕಾಲು ಕಿಲೋಮೀಟರ್. ಬಾವುಟ ಗೆರೆಗೆ ತಾಗಿತು ಎಂದರೆ ದೋಣಿ ಅಲ್ಲಿದೆ ಎಂದೇ ಅರ್ಥ. ಆಗ ಗೋಪುರದಿಂದ ಕನ್ನಡಿ ಮಿಂಚಿಸಬೇಕು, ದೋಣಿಯವನೊಬ್ಬ ಕಂಬ ಹತ್ತಿ ಅದನ್ನು ಕಂಡು ದೋಣಿ ತಿರುಗಿಸಬೇಕು.

"ಕಡಲೂ ಸುಳ್ಳು ಹೇಳುವುದಿಲ್ಲ, ಕಂಬವೂ ಸುಳ್ಳು ಹೇಳುವುದಿಲ್ಲ. ತಪ್ಪುವುದಿದ್ದರೆ ನಾವೇ ಗುಲಾಬಿ," ಎನ್ನುವುದು ಮೇಷ್ಟ್ರ ಮಾತು. ದಿನಕ್ಕೆ ಒಂದು ಸಲವಾದರೂ ಹೇಳುತ್ತಿದ್ದರು.

ಇದೇ ಲೆಕ್ಕವನ್ನು ಗುಲಾಬಿ ಹತ್ತು ದಿನದ ಹಿಂದೆ ಶೀನನಿಗೂ ಹೇಳಿಕೊಟ್ಟಿದ್ದಳು. ಅಂದು ಅವನು ಬರೀ ಬುಟ್ಟಿ ಹೊತ್ತುಕೊಂಡು ಬಂದಿದ್ದ. ಬಿಸಿಯೇರಿದ ನೀರು ಬಿಟ್ಟು ಬಂಗುಡೆ ಮೀನು ಪಡುವಣಕ್ಕೆ ಸರಿದು ಎರಡು ವರ್ಷವಾಗಿತ್ತು. ಗೆರೆಯ ಈಚೆ ಬಲೆ ಬೀಸಿದರೆ ಬರುವುದು ಬರೀ ಯಾರೂ ಕೊಳ್ಳದ ಲೋಳೆಮೀನು. ಉಂಡು ಕೈ ತೊಳೆಯದೆ ಕೂತಿದ್ದವನು ಕೇಳಿದ್ದ:

"ಅಲ್ದಾ ಹೆಣೆ, ನೀ ಅಲ್ಲಿ ಕೂತ್ಕಂಡ್ ಎಂತ ಲೆಕ್ಕ ಮಾಡುದ್? ನಂಗೂ ಸ್ವಲ್ಪ ಹೇಳ್ ಕಾಂಬ."

ಮದುವೆಯಾಗಿ ಹದಿನಾರು ವರ್ಷದಲ್ಲಿ ಅವನು ಅವಳ ಕೆಲಸದ ಬಗ್ಗೆ ಕೇಳಿದ್ದು ಅದೇ ಮೊದಲು. ಅವಳಿಗೆ ಎಷ್ಟು ಖುಷಿಯಾಯಿತೆಂದರೆ, ದಣಿವನ್ನೆಲ್ಲ ಮರೆತು ಒದ್ದೆ ಬೆರಳಿನಿಂದ ನೆಲದ ಮೇಲೆ ಕಡಲು ಬರೆದಳು, ಗೋಪುರ ಬರೆದಳು, ದೋಣಿ ಬರೆದಳು. ನಾಲ್ಕರ ವರ್ಗಮೂಲ ಎರಡು. ಅವನಿಗೆ ಸುಲಭವಾಗಲಿ ಎಂದು ಇನ್ನೊಂದು ಉದಾಹರಣೆ ಕೊಟ್ಟಳು: ಕಂಬ ಒಂಬತ್ತು ಮೀಟರ್ ಇದ್ದರೆ ವರ್ಗಮೂಲ ಮೂರು, ಒಟ್ಟು ಮೂವತ್ತೆಂಟೂವರೆಯ ಮೇಲೆ ಸ್ವಲ್ಪ.

"ಐದು ಮೀಟರ್ ಏರ್ಸಿರೆ ನಾಲ್ಕೇ ಕಿಲೋಮೀಟರಾ?"

"ಅಷ್ಟೇ."

"ನಾಲ್ಕು ಕಿಲೋಮೀಟರ್ ಅಂದ್ರೆ ಅಷ್ಟೇ ಅಂತ ಅಲ್ಲ ಮಾರಾಯ್ತಿ," ಎಂದು ಶೀನ ನೆಲದ ಮೇಲಿನ ನೀರಿನ ಗೆರೆ ಆರುವ ತನಕ ನೋಡುತ್ತ ಕೂತಿದ್ದ.

ಒಂಬತ್ತು ಗಂಟೆ ನಲವತ್ತು ನಿಮಿಷಕ್ಕೆ ಗುಲಾಬಿ ದೂರದರ್ಶಕದಲ್ಲಿ 'ಹಾಯ್ಗುಳಿ ಪ್ರಸಾದ'ದ ಬಾವುಟ ಕಂಡಳು. ಅದು ಶೀನನ ದೋಣಿ. ಹಳದಿಯ ನಡುವೆ ಕಪ್ಪು ಪಟ್ಟೆಯಿದ್ದ ಬಾವುಟ, ಕಣ್ಣಿಗೆ ಸಾಸಿವೆಯಷ್ಟು. ಗೆರೆಗೆ ತಾಗಿಕೊಂಡೇ ನಿಂತಿತ್ತು. ಯಾಕೋ ಅತ್ತ ಇತ್ತ ತೂಗಾಡಿದ ಹಾಗೆ ಕಂಡಿತು. ಕಬ್ಬಿಣದ ಕಂಬ ಹಾಗೆ ಬಳುಕುವುದಿಲ್ಲವಲ್ಲ ಎನಿಸಿ ಕಣ್ಣುಜ್ಜಿಕೊಂಡಳು. ಕಣ್ಣು ಸೋತಿದೆ, ಔಷಧಿ ಹಾಕಿಸಬೇಕು ಎಂದುಕೊಂಡಳು. ಮತ್ತೆ ನೋಡಿದಾಗ ಬಾವುಟದ ಪಕ್ಕಕ್ಕೆ ಇನ್ನೊಂದು ಚುಕ್ಕೆ ಏರಿತ್ತು. ಕೆಂಪು.

ಎರಡು ಬಾವುಟ ಎಂದರೆ ದೋಣಿ ಕೆಟ್ಟಿದೆ, ಜನರಿಗೆ ಅಪಾಯ ಎಂದು ಅರ್ಥ.

ಅವಳು ದೂರದರ್ಶಕದ ಬುಡದಲ್ಲಿದ್ದ ದಿಕ್ಕಿನ ಚಕ್ರ ಓದಿಕೊಂಡಳು. ಅಷ್ಟರಲ್ಲೇ ತೆಂಕಣ ಮೂಲೆಯಿಂದ ಮಬ್ಬು ಹರಿದು ಬಂದು ಗೆರೆಯನ್ನು ಒರೆಸಿ ಹಾಕಿತು. ಕೆಂಪೂ ಇಲ್ಲ, ಹಳದಿಯೂ ಇಲ್ಲ. ಫೋನು ಎತ್ತಿ ಬಂದರು ಅಧಿಕಾರಿ ಲಿಗೋರಿಯವರಿಗೆ ಹೇಳಬೇಕಾದ್ದನ್ನು ಕ್ರಮವಾಗಿ ಹೇಳಿದಳು.

"ಹಾಯ್ಗುಳಿ ಪ್ರಸಾದ, ನಾಲ್ಕು ಜನ. ಎರಡು ಬಾವುಟ. ದಿಕ್ಕು ಇನ್ನೂರ ಅರವತ್ತಮೂರು. ದೂರ ಮೂವತ್ತನಾಲ್ಕು ಮುಕ್ಕಾಲು."

"ನಿಮ್ಮ ಮನೆಯವರದ್ದೇ ದೋಣಿ ಅಲ್ವಾ ಅಮ್ಮ?"

"ಹೌದು ಸಾರ್."

"ಧೈರ್ಯವಾಗಿರಿ. ಕಾಲು ಗಂಟೆಯಲ್ಲಿ ನಮ್ಮ ದೋಣಿ ಬಿಡ್ತದೆ."

ಪಡುಕಲ್ಲಿಗೆ ಇದ್ದದ್ದು ಒಂದೇ ರಕ್ಷಣಾ ದೋಣಿ. ತಿರುಗುವ ಬುಗುರಿಯಿಂದ ದಿಕ್ಕು ಹಿಡಿಯುವ ಯಂತ್ರ ಅದರಲ್ಲಿ ಮಾತ್ರ ಇತ್ತು. ಬ್ಯಾಟರಿ ಹೋಗಿ ಬರುವುದಕ್ಕೆ ಸರಿಯಾಗಿ ಸಾಲುತ್ತಿತ್ತು, ಅಲ್ಲಿ ಇಲ್ಲಿ ಸುತ್ತಿ ಹುಡುಕುವುದಕ್ಕಲ್ಲ. ಈ ಮಬ್ಬಿನಲ್ಲಿ ನೂರು ಮೀಟರ್ ಆಚೆ ಏನೂ ಕಾಣುವುದಿಲ್ಲ, ಹಾರ್ನ್ ಊದಿದರೂ ಅದಕ್ಕಿಂತ ಸ್ವಲ್ಪ ದೂರ ಕೇಳಿಸೀತು ಅಷ್ಟೇ. ಒಮ್ಮೆ ಅದು ಬಿಟ್ಟಿತೆಂದರೆ ಕನ್ನಡಿ ಮಿಂಚಿಸಿ ವಾಪಸು ಕರೆಯುವಂತೆಯೂ ಇಲ್ಲ. ಹೇಳಿದ ಜಾಗಕ್ಕೆ ಹೋಗುತ್ತದೆ, ಅಲ್ಲಿ ಸಿಕ್ಕರೆ ಸಿಕ್ಕರು.

ಗುಲಾಬಿ ಕುರ್ಚಿಗೆ ಒರಗಿದಳು. ಗಾಳಿ ಬೀಸಿತು, ಸೊಂಟಕ್ಕೆ ಅಂಟಿದ ಸೀರೆ ತಣ್ಣಗೆ ತಾಗಿತು. ಅವಳು ಅದನ್ನು ಮುಟ್ಟಿ ನೋಡಿದಳು. ಒದ್ದೆ. ಯಾಕೆ ಒದ್ದೆ? ಗಳ ಇಲ್ಲವಲ್ಲ, ಅದಕ್ಕೆ. ಗಳ ಎಲ್ಲಿ?

ಬಳುಕಿದ್ದು ಬಾವುಟ. ಸೋತದ್ದು ಅವಳ ಕಣ್ಣಲ್ಲ.

"ಮೇಷ್ಟ್ರೇ," ಎಂದಳು. "ದೋಣಿ ಮೂವತ್ತನಾಲ್ಕರಲ್ಲಿ ಇಲ್ಲ. ಮೂವತ್ತೆಂಟೂವರೆಯಲ್ಲಿದೆ."

ಐತಾಳ ಮೇಷ್ಟ್ರು ಪಟ್ಟಿ ತೆರೆದು ಬೆರಳಿಟ್ಟರು. "ಕಂಬ ನಾಲ್ಕು ಅಂತ ಬರೆದಿದೆಯಲ್ಲ?"

"ಬರೆದಿದೆ. ನಮ್ಮನೆ ಬಟ್ಟೆ ಹಾಕುವ ಗಳ ಎರಡು ದಿನದಿಂದ ಕಾಣ್ತಾ ಇಲ್ಲ. ಹದಿನೆಂಟು ಅಡಿ. ಕಂಬದ ತುದಿಗೆ ಸೇರಿಸಿ ಬಿಗಿದರೆ ಐದು ಮೀಟರ್ ಮೇಲೆ ಬರ್ತದೆ. ಒಂಬತ್ತು ಮಾಡಿರ್ತಾರೆ ಮೇಷ್ಟ್ರೇ, ಒಂಬತ್ತೇ. ಒಂಬತ್ತರ ಲೆಕ್ಕ ನಾನೇ ಹೇಳಿಕೊಟ್ಟದ್ದು!"

ಮೇಷ್ಟ್ರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಆಮೇಲೆ ಅವರು ಕೇಳಿದ ಪ್ರಶ್ನೆ ಮೇಷ್ಟ್ರೇ ಕೇಳಬೇಕಾದ್ದು: "ಗಳಕ್ಕೆ ಗೆದ್ದಲು ಹಿಡಿದು ಅವನು ಒಲೆಗೆ ಹಾಕಿದ್ದರೆ? ಆಗ ನಮ್ಮ ದೋಣಿ ಅವರನ್ನು ದಾಟಿ ನಾಲ್ಕು ಕಿಲೋಮೀಟರ್ ಮುಂದೆ ಹೋಗಿ ಹುಡುಕ್ತದೆ. ಮಬ್ಬಲ್ಲಿ ಪಕ್ಕದಲ್ಲೇ ಹೋದರೂ ಕಾಣುವುದಿಲ್ಲ. ಗೊತ್ತುಂಟಲ್ಲ?"

"ಗೊತ್ತುಂಟು."

"ಹೇಳಿದರೆ ನಿನ್ನ ಕೆಲಸ ಹೋಗ್ತದೆ. ಅವನ ಪರವಾನಗಿಯೂ ಹೋಗ್ತದೆ."

"ಅದೂ ಗೊತ್ತುಂಟು."

ಕಾಲು ಗಂಟೆಯಲ್ಲಿ ಆರು ನಿಮಿಷ ಉಳಿದಿತ್ತು. ಪಟ್ಟಿಯಲ್ಲಿ ಸರಕಾರದ ಮೊಹರು ಹಾಕಿದ ನಾಲ್ಕು. ಇತ್ತ ಕಡೆ ಒಂದು ಒದ್ದೆ ಸೀರೆ, ಬಳುಕಿದ ಸಾಸಿವೆಯಷ್ಟು ಬಾವುಟ, ನೆಲದ ಮೇಲಿನ ನೀರಿನ ಗೆರೆ ಆರುವ ತನಕ ನೋಡುತ್ತ ಕೂತಿದ್ದ ಗಂಡ. ಅವಳಿಗೆ ಇನ್ನೊಂದೂ ಹೊಳೆಯಿತು. ಉದ್ದ ಮಾಡಿದ ಕಂಬ ಗೋಪುರಕ್ಕೆ ಕಾಣುತ್ತದೆ, ಆದರೆ ಆ ಬಿದಿರಿನ ತುದಿಗೆ ಮನುಷ್ಯ ಹತ್ತಲಾರ. ಅಷ್ಟು ದೂರದಿಂದ ಶೀನನಿಗೆ ಗೋಪುರ ಕಾಣುವುದೇ ಇಲ್ಲ. ತನ್ನ ಬಾವುಟವನ್ನು ಹೆಂಡತಿ ಕಂಡಳೋ ಇಲ್ಲವೋ ಎಂದೂ ಗೊತ್ತಿಲ್ಲದೆ ಅವನು ಅಲ್ಲಿ ಕಾಯುತ್ತಿದ್ದಾನೆ.

ಗುಲಾಬಿ ಫೋನು ಎತ್ತಿದಳು.

"ಸಾರ್, ದೂರ ತಪ್ಪು ಹೇಳಿದೆ. ಮೂವತ್ತೆಂಟು ಪಾಯಿಂಟ್ ಆರು. ಕಂಬ ನಾಲ್ಕಲ್ಲ, ಒಂಬತ್ತು."

"ಒಂಬತ್ತಾ? ಯಾರು ಹೇಳಿದ್ದು?"

"ಯಾರೂ ಹೇಳಿದ್ದಲ್ಲ ಸಾರ್. ಗಳ ನಮ್ಮನೆಯದು."

ತಂತಿಯ ಆ ತುದಿಯಲ್ಲಿ ಲಿಗೋರಿಯವರು ಯಾರಿಗೋ ಕೂಗಿ ಹೇಳಿದ್ದು ಕೇಳಿಸಿತು: "ಮೂವತ್ತೆಂಟು ಪಾಯಿಂಟ್ ಆರು! ನೀರಿನ ಸೆಳೆತ ತೆಂಕಣಕ್ಕೆ, ಅದನ್ನೂ ಸೇರಿಸ್ಕೊಳ್ಳಿ!"

ಆಮೇಲಿನ ಐದು ಗಂಟೆ ಹೇಗೆ ಕಳೆಯಿತೋ! ನೋಡಲು ಗೆರೆಯೇ ಇರಲಿಲ್ಲ. ಬರೀ ಬೂದು ಬಣ್ಣದ ಮಬ್ಬನ್ನು ಗುಲಾಬಿ ಕಣ್ಣು ಕೀಳದೆ ನೋಡಿದಳು, ನೋಡುವುದನ್ನು ನಿಲ್ಲಿಸಿದರೆ ಏನಾದರೂ ಆಗಿಬಿಡುತ್ತದೆ ಎನ್ನುವಂತೆ. ಒಂದರ ಹೊತ್ತಿಗೆ ಮಬ್ಬು ಕರಗಿತು. ಮಿಕ್ಕ ದೋಣಿಗಳು ಮಬ್ಬಿಗೆ ಹೆದರಿ ಒಂದೊಂದಾಗಿ ದಡದ ಕಡೆ ಬರುತ್ತಿದ್ದವು. ರಕ್ಷಣಾ ದೋಣಿ ಇರಲಿಲ್ಲ. ಮೇಷ್ಟ್ರು ತಮ್ಮ ಬುತ್ತಿಯಿಂದ ಅವಲಕ್ಕಿ ಕೊಟ್ಟರೆ ಕೈಯಲ್ಲಿ ಹಿಡಿದುಕೊಂಡಳು, ತಿನ್ನಲಿಲ್ಲ. ಎರಡೂ ಮುಕ್ಕಾಲಿಗೆ ಗೆರೆಯ ಮೇಲೊಂದು ಚುಕ್ಕೆ ಎದ್ದಿತು, ಅದರ ಹಿಂದೆ ಇನ್ನೊಂದು, ಬಳುಕುವ ಉದ್ದ ಕಂಬದ್ದು. ಗುಲಾಬಿ ದೂರದರ್ಶಕಕ್ಕೆ ಹಣೆಯೊತ್ತಿ ಗಳಗಳನೆ ಅತ್ತಳು.

ಹೊರಡುವಾಗ ಮೇಷ್ಟ್ರು ಪಟ್ಟಿಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. "ಕಂಬವೇ ಸುಳ್ಳು ಹೇಳಿದ ಮೇಲೆ ನಾಳೆ ಬರುವ ಹುಡುಗಿಗೆ ನಾನು ಏನಂತ ಕಲಿಸಲಿ ಗುಲಾಬಿ?" ಎಂದರು.

ಬಂದರಿನ ಧಕ್ಕೆಯ ಕಟ್ಟೆಗೆ ಎರಡೂ ದೋಣಿಗಳು ಬಂದು ತಾಗುವ ಹೊತ್ತಿಗೆ ಅವಳೂ ಇಳಿದು ಬಂದಿದ್ದಳು. ರೆಕ್ಕೆಗೆ ಬಲೆ ಸುತ್ತಿಕೊಂಡು ಶೀನನ ದೋಣಿಯ ಮೋಟಾರು ಸುಟ್ಟುಹೋಗಿತ್ತಂತೆ, ತಳದಲ್ಲಿ ಬಿರುಕು ಬಿಟ್ಟು ನೀರು ಮೊಣಕಾಲ ತನಕ ಬಂದಿತ್ತಂತೆ. ರಕ್ಷಣಾ ದೋಣಿ ನಡೆಸುವ ತಂಡೇಲ ಹೇಳಿದ: "ಹಾರ್ನ್ ಊದ್ದಾಗ ಇವ್ರು ಅನ್ನದ ಪಾತ್ರೆ ಬಡ್ದ್ರು, ಅದು ಕೇಣ್ತ್. ಮೂವತ್ತನಾಲ್ಕಕ್ಕೆ ಹೋಯಿ ನಿಂತಿರೆ ಪಾತ್ರೆ ಅಲ್ಲ, ದೇವಸ್ಥಾನದ ಗಂಟೆ ಬಡ್ದ್ರೂ ಕೇಣ್ತಿರ್ಲಿಲ್ಲ."

ಲಿಗೋರಿಯವರು ಟೇಪು ಹಿಡಿದು ಕಂಬ ಅಳೆಸಿದರು. ಒಂಬತ್ತು ಮೀಟರ್ ಎರಡು ಸೆಂಟಿಮೀಟರ್. ಅವರಿಗೂ ಸಿಟ್ಟು ಮಾಡುವ ಶಕ್ತಿಯಿದ್ದಂತೆ ಕಾಣಲಿಲ್ಲ. "ಈ ಸಾಲಿಗೆ ಪರವಾನಗಿ ಇಲ್ಲ ಶೀನ. ಅಮ್ಮ, ನೀವೂ ನಾಳೆಯಿಂದ ಗುಡ್ಡೆ ಹತ್ತುವುದು ಬೇಡ. ನೋಟಗಾರ್ತಿಯ ಮನೆಯಿಂದಲೇ ಹೀಗಾದರೆ ನಾನು ಮೇಲಿನವರಿಗೆ ಏನು ಬರೆಯಲಿ ಹೇಳಿ," ಎಂದು ಟೇಪು ಸುತ್ತಿಕೊಂಡು ಹೋದರು.

ಶೀನ ನೆನೆದು ತೊಪ್ಪೆಯಾಗಿ ನಿಂತಿದ್ದ. ಗುಲಾಬಿಗೆ ಅವನ ಕಪಾಳಕ್ಕೆ ಬಾರಿಸಬೇಕೆನಿಸಿತು, ಅಪ್ಪಿಕೊಳ್ಳಬೇಕೆಂದೂ ಅನಿಸಿತು. ಎರಡಕ್ಕೂ ತ್ರಾಣವಿರಲಿಲ್ಲ.

"ನಿಂಗೆ ಹ್ಯಾಂಗ್ ಗೊತ್ತಾಯ್ತ್?" ಎಂದ ಅವನು, ನೆಲ ನೋಡುತ್ತ.

"ನನ್ನ ಸೀರೆ ಒಣಗಿರ್ಲಿಲ್ಲ."

ಅವನು ಕಂಬದಿಂದ ಗಳವನ್ನು ಬಿಚ್ಚಿದ. ಒಂದು ತುದಿ ಅವನ ಹೆಗಲಿಗೆ, ಇನ್ನೊಂದು ಅವಳ ಹೆಗಲಿಗೆ. ಹೀಗೆ ಬೀದಿಯಲ್ಲಿ ಬರುವಾಗ ಗುಲಾಬಿ ಬೆಳಿಗ್ಗೆ ಕಂಡದ್ದನ್ನು ಈಗ ನೋಡಿದಳು. ಮೊದಲ ಮನೆಯ ಬಟ್ಟೆ ಬೇಲಿಯ ಮೇಲೆ. ಎರಡನೆಯದರದ್ದು ಬಾವಿಕಟ್ಟೆಯ ಮೇಲೆ. ಆಮೇಲಿನದು ದಾಸವಾಳದ ಗಿಡದ ಮೇಲೆ, ಅದರಾಚೆಯದು ಹಟ್ಟಿಯ ಮಾಡಿನ ಮೇಲೆ. ಇಡೀ ಬೀದಿಯಲ್ಲಿ ಒಂದು ಮನೆಯ ಹಿತ್ತಿಲಲ್ಲೂ ಗಳ ಇರಲಿಲ್ಲ!

ಅವಳು ನಿಂತಲ್ಲೇ ನಿಂತಳು. ಹಿಂದಿನಿಂದ ಗಳ ಜಗ್ಗಿ ಶೀನನೂ ನಿಂತ.

"ಎಲ್ಲರದ್ದೂ ಹೋಯಿತ್ತಾ?"

ಶೀನ ತಲೆಯಾಡಿಸಿದ. "ನಾವೇ ಕಡೆಯವ್ರ್. ಗೆರೆ ಹತ್ರ ಹೋಯಿ ಕಟ್ಟುದ್, ದಡಕ್ಕೆ ಬಪ್ಪತಿಗೆ ಬಿಚ್ಚಿ ಬಲೆ ಅಡಿಗೆ ಹಾಕುದ್. ನಿನ್ನ ಕೆಲಸಕ್ಕೆ ತೊಂದ್ರೆ ಆಪ್ದ್ ಬ್ಯಾಡ ಅಂದ್ಕಂಡ್ ಸುಮಾರು ದಿನ ತಡ್ದೆ."

ಎಷ್ಟು ಸಮಯದಿಂದಲೋ ದೇವರಿಗೇ ಗೊತ್ತು. ಬಾವುಟ ಗೆರೆಗೆ ತಾಗಿದಾಗಲೆಲ್ಲ ಅವಳು ಪಟ್ಟಿಯಲ್ಲಿ ಮೂವತ್ತನಾಲ್ಕು ಮುಕ್ಕಾಲು ಎಂದು ಬರೆದಿದ್ದಳು. ಅವುಗಳಲ್ಲಿ ಎಷ್ಟು ನಿಜ? ಒಂದು ದೋಣಿ ಕೆಟ್ಟಿದ್ದರೂ ಅವಳು ಧೈರ್ಯವಾಗಿ ತಪ್ಪು ಜಾಗ ಹೇಳಿ, ಅವರನ್ನು ಮುಳುಗಿಸುತ್ತಿದ್ದಳು.

ತಮ್ಮ ಹಿತ್ತಿಲಿಗೆ ಬಂದು ಗಳ ಕಟ್ಟುವಾಗ ಅಕ್ಕಣಿ ಬೇಲಿಯ ಹತ್ತಿರ ಬಂದಳು. ಬೆಳಿಗ್ಗೆ ಎತ್ತದ ಮುಖ ಈಗ ಎತ್ತಿದ್ದಳು. ಅವಳ ಗಂಡ ಹೆರಿಯನ 'ನಾಗಕನ್ನಿಕೆ' ಮಬ್ಬಿಗೆ ತಿರುಗಿ ಬಂದು ಧಕ್ಕೆಯಲ್ಲಿತ್ತು. ನಾಳೆ ಬೆಳಗಾದರೆ ಮತ್ತೆ ಹೋಗುತ್ತದೆ.

"ಹೆಣೆ, ನಮ್ಮದೂ ಹೇಳ್ದ್ಯಾ?"

"ಇಲ್ಲೆ."

"ಹೇಳ್ತ್ಯಾ?"

"ಹೇಳಿರೆ ನೀವೆಲ್ಲ ಮತ್ತೆ ಲೋಳೆಮೀನು ಹಿಡಿಕ್. ಹೇಳದಿದ್ರೆ..." ಗುಲಾಬಿ ಸಾಕಾಗಿ ಬಚ್ಚಲ ಕಲ್ಲಿನ ಮೇಲೆ ಕೂತಳು. ಸೆರಗಿನ ಗಂಟಿನಲ್ಲಿ ಗೋಪುರದ ಪೆನ್ಸಿಲ್ ತುಂಡು ಉಳಿದುಕೊಂಡಿತ್ತು. ಗೋಡೆಯ ಕ್ಯಾಲೆಂಡರಿನಿಂದ ಹೋದ ತಿಂಗಳ ಹಾಳೆ ಹರಿದು ತೊಡೆಯ ಮೇಲಿಟ್ಟುಕೊಂಡಳು. "ನಾಳೆಯಿಂದ ಗುಡ್ಡೆ ಮೇಲೆ ನಾನಿಲ್ಲೆ ಅಕ್ಕಣಿಯಕ್ಕ. ಹೊಸತಾಗಿ ಬಪ್ಪು ಹೆಣ್ಣಿಗೆ ಪಟ್ಟಿಯ ನಾಲ್ಕು ಬಿಟ್ಟ್ರೆ ಬೇರೆ ಗೊತ್ತಿಲ್ಲೆ. ಐತಾಳ ಮೇಷ್ಟ್ರ ಕೈಯಂಗೆ ನಾನೊಂದು ಚೀಟಿ ಕೊಡ್ತೆ, ಯಾರ ಕಂಬ ನಿಜವಾಗಿ ಎಷ್ಟುದ್ದ ಅಂತ. ಅವ್ರು ಯಾರಿಗೂ ಹೇಳುದಿಲ್ಲ. ನಿಮ್ಮ ಗಳ ಎಷ್ಟುದ್ದ ಇತ್ತ್, ಅಷ್ಟ್ ಹೇಳಿ ಸಾಕು."

ಅಕ್ಕಣಿ ಒಳಗೆ ಹೋದಳು. ಬಾಗಿಲು ಹಾಕಿಕೊಂಡಳೆಂದೇ ಗುಲಾಬಿ ತಿಳಿದಳು. ಸ್ವಲ್ಪ ಹೊತ್ತಿಗೆ ನೋಡಿದರೆ, ಅಕ್ಕಣಿ ತನ್ನ ಹಿತ್ತಿಲಲ್ಲಿ ಗಳ ಕಟ್ಟುತ್ತಿದ್ದ ಎರಡು ಕಲ್ಲುಕಂಬಗಳ ನಡುವೆ, ಈಗ ಏನೂ ಇಲ್ಲದ ಗಾಳಿಯಲ್ಲಿ, ಮೊಣಕೈಯಿಂದ ಬೆರಳ ತುದಿಗೆ ಒಂದೊಂದೇ ಮೊಳ ಅಳೆಯುತ್ತ ಬರುತ್ತಿದ್ದಳು. ತುಟಿ ಅಲುಗುತ್ತಿತ್ತು. ಕೊನೆಗೆ ಬಂದು ತಲುಪಿ, ಎಲ್ಲಾದರೂ ತಪ್ಪಿತೇನೋ ಎಂದು ಇನ್ನೊಮ್ಮೆ ಮೊದಲಿನಿಂದ ಅಳೆದಳು.

"ಹದಿಮೂರು ಮೊಳ," ಎಂದಳು ಅಕ್ಕಣಿ. "ಸಮಾ ಬರ್ಕೋ ಹೆಣೆ, ಹದಿಮೂರು."

ಗುಲಾಬಿ ಬರೆದುಕೊಂಡಳು. ಅದರಾಚೆಯ ಹಿತ್ತಿಲಲ್ಲಿ ಇನ್ನೊಬ್ಬಳು ಆಗಲೇ ಅಳೆಯತೊಡಗಿದ್ದಳು.